ಮದ್ದನ್ನು ಕಾಯುವ ಮದ್ದು

ಓದುಗರ ಪತ್ರ: ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ನಾವು ಎಷ್ಟು ಹೊಸ ಮದ್ದು ಮಾಡಿದರೂ ಅವು ಮುರಿದು ಹಾಕುತ್ತವೆ. ಹಾಗಿದ್ದ ಮೇಲೆ ಹೊಸ ಸಂಯುಕ್ತಗಳ ಬೆನ್ನು ಹತ್ತುವುದೇಕೆ? ಚೀಟಿ ಇಲ್ಲದೆ ಮಾತ್ರೆ ಕೊಡುವ ಮೆಡಿಕಲ್ ಶಾಪ್‌ಗಳನ್ನು ಬಿಗಿ ಮಾಡಿದರೆ ಸಾಲದೇ? ನಾನು ಎಂ.ಎಸ್ಸಿ. ರಸಾಯನಶಾಸ್ತ್ರದ ವಿದ್ಯಾರ್ಥಿನಿ, ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದೇನೆ. — ಓದುಗರೊಬ್ಬರು, ಚಳ್ಳಕೆರೆ

ಸಂಪಾದಕರ ಉತ್ತರ:

ಮೆಡಿಕಲ್ ಶಾಪ್ ವಿಷಯದಲ್ಲಿ ನಿಮ್ಮ ಮಾತು ಸರಿ. 2014ರ ಮಾರ್ಚಿನಿಂದ ಹಲವು ಆಂಟಿಬಯೋಟಿಕ್‌ಗಳು ಷೆಡ್ಯೂಲ್ ಎಚ್1ರಲ್ಲಿವೆ. ಚೀಟಿ ನೋಡಿಯೇ ಕೊಡಬೇಕು, ವೈದ್ಯರ ಮತ್ತು ರೋಗಿಯ ಹೆಸರು ಬರೆದ ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು. ಅದು ನಡೆಯಲಿ. ಆದರೆ ರಸಾಯನಶಾಸ್ತ್ರ ಓದುವವರೇ ಹೊಸ ಸಂಯುಕ್ತ ಏಕೆ ಎಂದು ಕೇಳಿದರೆ ಹೇಗಮ್ಮ? ಚೀಟಿಯ ಶಿಸ್ತು ನಾಳೆಯ ತೊಂದರೆಯನ್ನು ತಗ್ಗಿಸೀತು. ದಾವಣಗೆರೆಯ ಯಾವುದೋ ಐಸಿಯುನಲ್ಲಿ ಇವತ್ತು ಮಲಗಿರುವವರ ರಕ್ತದಲ್ಲಿ ಆಗಲೇ ಸೇರಿಕೊಂಡಿರುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾಕ್ಕೆ ಶಿಸ್ತು ಮದ್ದಲ್ಲ. ಇನ್ನೊಂದು ಸಂಗತಿ: ಪೆನಿಸಿಲಿನ್ ಮುರಿಯುವ, ಬ್ಯಾಕ್ಟೀರಿಯಾದ್ದೇ ಆದ ಕಿಣ್ವವನ್ನು ವಿಜ್ಞಾನಿಗಳಾದ ಏಬ್ರಹಾಂ ಮತ್ತು ಚೈನ್ ವರದಿ ಮಾಡಿದ್ದು 1940ರಲ್ಲಿ. ಆಗಿನ್ನೂ ಪೆನಿಸಿಲಿನ್ ಅಂಗಡಿಗೇ ಬಂದಿರಲಿಲ್ಲ. ಅಂದರೆ ತೊಂದರೆಯ ಬೇರು ಅಂಗಡಿಯಲ್ಲಷ್ಟೇ ಇಲ್ಲ.

ಆ ಕಿಣ್ವವೇ ಬೀಟಾ-ಲ್ಯಾಕ್ಟಮೇಸ್. ಪೆನಿಸಿಲಿನ್ ಕುಟುಂಬದ ನಾಲ್ಕು ಪರಮಾಣುಗಳ ಉಂಗುರವನ್ನು ಅದು ನೀರು ಸೇರಿಸಿ ಬಿಚ್ಚಿಬಿಡುತ್ತದೆ, ಮದ್ದು ನಿಷ್ಫಲ. ಇದಕ್ಕೆ ಹೊಸ ಕೊಲೆಗಾರನನ್ನು ಹುಡುಕುವುದು ಒಂದು ದಾರಿ. ಕಿಣ್ವದ ಬಾಯಿ ಕಟ್ಟಿ ಹಳೆಯ ಮದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು. ನಮ್ಮ ಒಲವು ಪೂರ್ತಿಯಾಗಿ ಈ ಎರಡನೆಯದರ ಕಡೆಗೆ. ನಿಮ್ಮ ಮನೆಯಲ್ಲೂ ಬಂದು ಹೋಗಿರಬಹುದಾದ 625ರ ಮಾತ್ರೆ ನೋಡಿ: 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ. ಈ ಎರಡನೆಯದು ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅತ್ಯಲ್ಪ. ಕಿಣ್ವಕ್ಕೆ ಅಂಟಿಕೊಂಡು, ತಾನೂ ಹಾಳಾಗಿ ಅದನ್ನೂ ಹಾಳು ಮಾಡುತ್ತದೆ. ಆದರೆ ತೇವ ತಗುಲಿದರೆ ಬೇಗ ಕೆಡುತ್ತದೆ. ಅದಕ್ಕೇ ಮಕ್ಕಳ ಪುಡಿ ಸಿರಪ್ಪನ್ನು ನೀರು ಬೆರೆಸಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಏಳು ದಿನದೊಳಗೆ ಮುಗಿಸಿ ಎನ್ನುವುದು. ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ಬಾಟಲಿ ಕಿಟಕಿಯ ಮೇಲಿದ್ದರೆ ಮಗುವಿಗೆ ಸಿಗುವುದು ಕಾವಲಿಲ್ಲದ ಅಮಾಕ್ಸಿಸಿಲಿನ್.

ವಿನ್ಯಾಸದ ಸೊಗಸು ಕಾಣಬೇಕಿದ್ದರೆ ಇಂಥದೇ ಇನ್ನೊಂದು ಕಾವಲಿನ ಅಣು ಎನ್‌ಮೆಟಾಜೋಬ್ಯಾಕ್ಟಮ್ ಬಗ್ಗೆ ಓದಿ. ಹಳೆಯ ಟಾಜೋಬ್ಯಾಕ್ಟಮ್‌ನ ಟ್ರೈಅಜೋಲ್ ಉಂಗುರದ ಒಂದು ಸಾರಜನಕಕ್ಕೆ ಒಂದೇ ಒಂದು ಮೀಥೈಲ್ ಗುಂಪು ಸೇರಿಸಿದರು. ಆ ಸಾರಜನಕಕ್ಕೆ ಶಾಶ್ವತ ಧನ ಆವೇಶ ಬಂತು, ಕಾರ್ಬಾಕ್ಸಿಲ್‌ನ ಋಣ ಆವೇಶ ಮೊದಲೇ ಇತ್ತು. ಎರಡೂ ಆವೇಶ ಹೊತ್ತ ಅಣು ಕ್ಲೆಬ್ಸಿಯೆಲ್ಲಾದಂಥ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಪೋರಿನ್ ಎಂಬ ರಂಧ್ರಗಳಲ್ಲಿ ಮೊದಲಿಗಿಂತ ಸಲೀಸಾಗಿ ನುಸುಳುತ್ತದೆ. ಇದು ಹುಟ್ಟಿದ್ದು ಚೆನ್ನೈನ ಆರ್ಕಿಡ್ ಔಷಧ ಕಂಪನಿಯಲ್ಲಿ. ಸೆಫೆಪಿಮ್ ಎಂಬ ಆಂಟಿಬಯೋಟಿಕ್ ಜೊತೆಗೂಡಿ 2024ರ ಫೆಬ್ರವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎಯ ಒಪ್ಪಿಗೆ ಪಡೆಯಿತು. ಒಂದು ಮೀಥೈಲ್! ಇದನ್ನು ನಮ್ಮ ತರಗತಿಗಳಲ್ಲಿ ಯಾಕೆ ಹೇಳುವುದಿಲ್ಲ?

ಎನ್‌ಡಿಎಂ ಎಂಬ ಬೇರೆ ಬಗೆಯ ಬೀಟಾ-ಲ್ಯಾಕ್ಟಮೇಸ್ ಕಿಣ್ವದ ಮುಂದೆ ಇದು ನಡೆಯುವುದಿಲ್ಲ, ಒಪ್ಪುತ್ತೇವೆ. ಉಳಿದ ಬೀಟಾ-ಲ್ಯಾಕ್ಟಮೇಸ್‌ಗಳು ಹೆಚ್ಚಾಗಿ ಸೆರಿನ್ ಎಂಬ ಅಮೈನೊ ಆಮ್ಲದಿಂದ ಕೆಲಸ ಮಾಡುತ್ತವೆ, ಎನ್‌ಡಿಎಂ ಎರಡು ಸತುವಿನ ಅಯಾನುಗಳಿಂದ. ಸತುವನ್ನು ಕಿತ್ತರಾಯಿತು ಎನ್ನಬಹುದು. ಹಾಗೆ ಕೀಳುವ ಅಣು ನಮ್ಮ ದೇಹದ ಸತುವಿನ ಕಿಣ್ವಗಳನ್ನೂ ಬಿಡದು, ಕಷ್ಟ ಅಲ್ಲಿದೆ. ಇಲ್ಲಿ ಜಾಣತನದ ಸುತ್ತುದಾರಿಯೊಂದು ಸಿಕ್ಕಿದೆ: ಅಜ್‌ಟ್ರಿಯೋನಮ್ ಎಂಬ ಆಂಟಿಬಯೋಟಿಕ್ ಎನ್‌ಡಿಎಂಗೆ ಬಗ್ಗದು, ಬೇರೆ ಕಿಣ್ವಗಳಿಗೆ ಬಗ್ಗುತ್ತದೆ. ಆ ಬೇರೆಯವನ್ನು ಅವಿಬ್ಯಾಕ್ಟಮ್ ಎಂಬ ಕಾವಲಿನ ಅಣು ಕಟ್ಟಿಹಾಕುತ್ತದೆ. ಎರಡನ್ನೂ ಕೂಡಿಸಿದ ಮದ್ದು ಈಗ ಬಳಕೆಗೆ ಬಂದಿದೆ. ಇಂಥ ಜೋಡಿಗೆ ಇನ್ನೊಂದು ಶರತ್ತುಂಟು. ನೊಗಕ್ಕೆ ಕಟ್ಟಿದ ಎತ್ತುಗಳಂತೆ ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಅಮಾಕ್ಸಿಸಿಲಿನ್, ಕ್ಲಾವುಲಾನಿಕ್ ಎರಡೂ ಸುಮಾರು ಒಂದು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕಿಳಿಯುತ್ತವೆ. ಕಾವಲಿನದು ಮೊದಲೇ ಖಾಲಿಯಾದರೆ ಲ್ಯಾಬಿನ ಪ್ಲೇಟಿನಲ್ಲಿ ಕಂಡ ಗೆಲುವು ರೋಗಿಯಲ್ಲಿ ಕಾಣದು.

ಈಗ ನಮ್ಮ ತಕರಾರು. ಕಾಲೇಜು ಪ್ರಬಂಧಗಳಲ್ಲಿ ಪದೇಪದೇ ಕಾಣುವುದು ಒಂದೇ: ಷಿಫ್ ಬೇಸ್ ಎಂಬ ಸುಲಭದ ಸಂಯುಕ್ತ, ಅದರ ತಾಮ್ರದ ಸಂಕೀರ್ಣ, ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ಜೆಲ್ಲಿಯ ಮೇಲೆ ಬೆಳವಣಿಗೆ ನಿಂತ ಇಷ್ಟು ಮಿಲಿಮೀಟರ್ ವಲಯ, ಆದ್ದರಿಂದ ಉತ್ತಮ ಆಂಟಿಬಯೋಟಿಕ್. ವಲಯದ ಅಳತೆ ಅಣುವಿನ ಶಕ್ತಿಯನ್ನಷ್ಟೇ ಹೇಳುವುದಿಲ್ಲ, ಅದು ಅಗಾರ್‌ನಲ್ಲಿ ಎಷ್ಟು ಹರಡಿತು ಎಂಬುದೂ ಅದರಲ್ಲಿ ಬೆರೆತಿದೆ. ಎಣ್ಣೆಯಂಥ ಅಣು ಹರಡುವುದೇ ಇಲ್ಲ. ಕರಗಿಸಲು ಬಳಸಿದ ಡಿಎಂಎಸ್‌ಒ ದ್ರಾವಕವೊಂದನ್ನೇ ಇಟ್ಟ ನಿಯಂತ್ರಣ ಬಿಲ್ಲೆ ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಇದನ್ನು ಒಪ್ಪುವ ಪರೀಕ್ಷಕರ ಮೇಲೂ ನಮಗೆ ಸಿಟ್ಟಿದೆ. ಕಂಪನಿಗಳ ಕಥೆಯೂ ಇದಕ್ಕಿಂತ ಚೆಂದವಿಲ್ಲ. ಪ್ಲಾಜೋಮೈಸಿನ್ ಎಂಬ ಹೊಸ ಆಂಟಿಬಯೋಟಿಕ್‌ಗೆ 2018ರಲ್ಲಿ ಒಪ್ಪಿಗೆ ಪಡೆದ ಅಕೇಯೊಜೆನ್ ಕಂಪನಿ 2019ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ವರ್ಷಗಟ್ಟಲೆ ನುಂಗುವ ಬಿಪಿ ಮಾತ್ರೆಯ ಲಾಭ ಏಳು ದಿನದ ಮದ್ದಿಗಿಲ್ಲ, ಅದರಲ್ಲೂ ಕೊನೆಯ ಅಸ್ತ್ರವೆಂದು ಕಪಾಟಿನಲ್ಲಿಡುವ ಮದ್ದಿಗೆ.

ನಿಮ್ಮ ಪ್ರಾಜೆಕ್ಟ್‌ಗೆ ಬರೋಣ. ಜೀವಂತ ನಿರೋಧಕ ತಳಿಗಳನ್ನು ರಸಾಯನಶಾಸ್ತ್ರದ ಲ್ಯಾಬಿಗೆ ತರಬೇಡಿ. ಶುದ್ಧ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಮತ್ತು ಅದೇ ಉಂಗುರವಿರುವ, ಬಣ್ಣ ಬದಲಿಸುವ ನೈಟ್ರೊಸೆಫಿನ್ ತರಿಸಿ. ಉಂಗುರ ಮುರಿದಾಗ ಅದು ಹಳದಿಯಿಂದ ಕೆಂಪಾಗುತ್ತದೆ, ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 486 ನ್ಯಾನೊಮೀಟರ್‌ಗೆ ಓದಿ. ನಿಮ್ಮ ಸಂಯುಕ್ತ ಹಾಕಿದಾಗ ಕೆಂಪು ನಿಧಾನವಾದರೆ ಹಿಗ್ಗಬೇಡಿ. 0.01% ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಸೇರಿಸಿ ಮತ್ತೆ ನೋಡಿ. ಆಗ ಪರಿಣಾಮ ಮಾಯವಾದರೆ ಅಣುಗಳು ಮುದ್ದೆಗಟ್ಟಿ ಕಿಣ್ವವನ್ನು ಸುಮ್ಮನೆ ಹೀರಿಕೊಂಡಿದ್ದವು ಎಂದರ್ಥ.

ಉಳಿದವನ್ನು ಮೈಕ್ರೊಬಯಾಲಜಿಯವರ ಬಳಿ 96 ಗುಳಿಯ ಪ್ಲೇಟಿನಲ್ಲಿ ಮಾಡಿಸಿ: ಬ್ಯಾಕ್ಟೀರಿಯಾ ಬೆಳೆಸುವ ಮ್ಯುಲರ್-ಹಿಂಟನ್ ದ್ರಾವಣ, ಮಿಲಿಲೀಟರಿಗೆ 5 ಲಕ್ಷ ಜೀವಕೋಶ, 35 ಡಿಗ್ರಿ, 16ರಿಂದ 20 ಗಂಟೆ, ಡಿಎಂಎಸ್‌ಒ 1% ಮೀರದಂತೆ. ಜೀವಕೋಶ ಹೆಚ್ಚಾದರೆ ಕಿಣ್ವವೂ ಹೆಚ್ಚುತ್ತದೆ, ಒಳ್ಳೆಯ ಸಂಯುಕ್ತವೂ ಸೋತಂತೆ ಕಾಣುತ್ತದೆ. ಆಂಟಿಬಯೋಟಿಕ್ ಅಡ್ಡಕ್ಕೆ, ನಿಮ್ಮ ಸಂಯುಕ್ತ ಉದ್ದಕ್ಕೆ, ಗುಳಿಯಿಂದ ಗುಳಿಗೆ ಅರ್ಧರ್ಧ ಇಳಿಸಿ. ಬೆಳವಣಿಗೆ ತಡೆಯಲು ಆಂಟಿಬಯೋಟಿಕ್ ಒಂದೇ ಆದರೆ 64 ಮೈಕ್ರೊಗ್ರಾಂ ಬೇಕಿತ್ತು, ಜೊತೆಯಲ್ಲಿ 4 ಸಾಕಾಯಿತು; ನಿಮ್ಮದು ಒಂದೇ ಆದರೆ 128, ಜೊತೆಯಲ್ಲಿ 16 ಎನ್ನಿ. 4/64 ಮತ್ತು 16/128 ಕೂಡಿದರೆ 0.1875. ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎರಡೂ ನಿಜವಾಗಿ ಕೈಜೋಡಿಸಿವೆ. ಕಿಣ್ವವಿಲ್ಲದ ಇ. ಕೋಲಿ 25922 ತಳಿಯನ್ನೂ ಇಡಿಸಿ. ಅಲ್ಲಿಯೂ ಇದೇ ಲಾಭ ಕಂಡರೆ ನಿಮ್ಮ ಅಣು ಬಹುಶಃ ಪೊರೆಯನ್ನು ತೂತು ಮಾಡುತ್ತಿದೆ, ಆಗ ಕೆಂಪು ರಕ್ತಕಣಗಳ ಮೇಲೆ ಪರೀಕ್ಷಿಸದೆ ಮುಂದೆ ಹೋಗಬೇಡಿ. ಕಿಣ್ವವಿರುವ ಇ. ಕೋಲಿ 35218 ತಳಿಯನ್ನು ಮತ್ತೆ ಮತ್ತೆ ಹೊಸ ಪ್ಲೇಟಿಗೆ ದಾಟಿಸುತ್ತಾ ಇಟ್ಟುಕೊಂಡರೆ ಅದು ತನ್ನ ಪ್ಲಾಸ್ಮಿಡ್ (ಕಿಣ್ವದ ಜೀನ್ ಹೊತ್ತ ಪುಟ್ಟ ಡಿಎನ್‌ಎ ಉಂಗುರ) ಕಳೆದುಕೊಳ್ಳಬಹುದು. ಪ್ರತಿ ಸಲ ಆಂಟಿಬಯೋಟಿಕ್ ಒಂದನ್ನೇ ಹಾಕಿ, ಅದು ಇನ್ನೂ ನಿರೋಧಕವಾಗಿಯೇ ಇದೆಯೇ ನೋಡಿಕೊಳ್ಳಲು ಹೇಳಿ.