ಪಾರ್ಕು ಕೂರುವವರಿಗೆ ಮಾತ್ರವೇ?

ಓದುಗರ ಪತ್ರ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಕಳೆದ ಭಾನುವಾರ ಮಕ್ಕಳ ಓಟ ಮತ್ತು ಸ್ಕೇಟಿಂಗ್ ಸ್ಪರ್ಧೆ ಇಟ್ಟಿದ್ದರು. ವಾಯುವಿಹಾರಕ್ಕೆ ಹೋದ ನಾವು ಗೇಟಿನಿಂದಲೇ ಹಿಂದಿರುಗಿದೆವು. ಧ್ವನಿವರ್ಧಕ, ನೂಕುನುಗ್ಗಲು, ಕಸ. ಪಾರ್ಕು ಇರುವುದು ನೆಮ್ಮದಿಗಾಗಿ. ಸ್ಪರ್ಧೆಗಳೆಲ್ಲ ಸ್ಟೇಡಿಯಂಗೆ ಹೋಗಲಿ ಎಂದು ತಾವು ಬರೆಯಬೇಕು.
— ನಿವೃತ್ತ ಲೆಕ್ಕಪರಿಶೋಧಕರು, ಸರಸ್ವತಿಪುರಂ, ಮೈಸೂರು

ಸಂಪಾದಕರ ಉತ್ತರ: ಮಾನ್ಯರೇ, ಧ್ವನಿವರ್ಧಕದ ವಿಷಯದಲ್ಲಿ ನಿಮ್ಮ ಮಾತು ಸರಿ. ಬೆಳಗಿನ ಆರು ಗಂಟೆಗೆ ಸಿನಿಮಾ ಹಾಡು ಹಾಕದೆ ಓಡಲಾಗದ ಮಗು ಯಾವುದೂ ಇಲ್ಲ. ಮರಕ್ಕೆ ಮೊಳೆ ಹೊಡೆದು ಬ್ಯಾನರ್ ಕಟ್ಟಿದವರಿಗೆ ದಂಡ ಹಾಕಲಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸ್ಕೇಟಿಂಗ್ ಬೇಡ ಎಂದಾದರೆ ನಿಮಗಿಂತ ಮೊದಲು ನಾನೇ ಸಹಿ ಹಾಕುತ್ತೇನೆ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಆದರೆ ಬಡಾವಣೆಯ ಪಾರ್ಕಿನಿಂದ ಮಕ್ಕಳನ್ನು ಹೊರಗಟ್ಟುವ ಕೆಲಸಕ್ಕೆ ನನ್ನ ಲೇಖನಿ ಸಿಗುವುದಿಲ್ಲ.

ಸ್ಟೇಡಿಯಂಗೆ ಹೋಗಲಿ ಎಂದಿರಿ. ಸ್ಕೇಟಿಂಗ್ ಕಲಿಯುವ ಮಕ್ಕಳು ಎಲ್ಲೆಲ್ಲಿ ಅಭ್ಯಾಸ ಮಾಡುತ್ತಾರೆಂದು ಒಮ್ಮೆ ನೋಡಿ ಬನ್ನಿ: ಅಪಾರ್ಟ್‌ಮೆಂಟಿನ ನೆಲಮಾಳಿಗೆ, ವಾಹನ ಕಡಿಮೆಯಿರುವ ಹೊಸ ಬಡಾವಣೆಯ ರಸ್ತೆ, ರಜಾದಿನದ ಶಾಲಾ ಅಂಗಳ. ಚಕ್ರದಡಿ ಒಂದು ಕಲ್ಲುಹರಳು ಸಿಕ್ಕಿದರೆ ಮಗು ಮುಗ್ಗರಿಸುತ್ತದೆ. ಹಾಗಾಗಿಯೇ ಸ್ಪರ್ಧೆಯ ದಿನ ಅಪ್ಪಂದಿರು ಪೊರಕೆ ಹಿಡಿದು ಹೊಂಗೆಯ ಹೂವು ಗುಡಿಸುತ್ತಾರೆ. ನಿಮ್ಮ ಪಾರ್ಕು ಆ ಹೊತ್ತಿನಷ್ಟು ಚೊಕ್ಕಟವಾಗಿ ವರ್ಷದಲ್ಲಿ ಇನ್ನೆಂದೂ ಇರುವುದಿಲ್ಲ. ಹಾಗೆ ಗುಡಿಸಿದ ದಾರಿಯಲ್ಲೂ ಬಿದ್ದ ಹುಡುಗಿಯೊಬ್ಬಳನ್ನು ನಾನು ನೋಡಿದ್ದೇನೆ. ಮೊಣಕಾಲಿನ ರಕ್ತವನ್ನು ಒರೆಸಿಕೊಳ್ಳದೆ ಅವಳು ಕೇಳಿದ್ದು ಒಂದೇ: ‘ಆಂಟಿ, ನಾನು ಎಷ್ಟನೆಯವಳು?’

2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮೂರು ಸಾವಿರ ಮೀಟರ್ ರಿಲೇ ಸ್ಕೇಟಿಂಗ್‌ನಲ್ಲಿ ನಮ್ಮ ಹುಡುಗರೂ ಹುಡುಗಿಯರೂ ಕಂಚು ತಂದರು. 2025ರಲ್ಲಿ ಚೆನ್ನೈನ ಆನಂದ್‌ಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್‌ಶಿಪ್‌ನ ಸಾವಿರ ಮೀಟರಿನಲ್ಲಿ ಚಿನ್ನವನ್ನೇ ಗೆದ್ದರು. ಪದಕ ಬಂದ ಮರುದಿನ ಚಪ್ಪಾಳೆ ತಟ್ಟುವವರು ಭಾನುವಾರದ ಎರಡು ಗಂಟೆ ದಾರಿ ಬಿಡಲಾರರೇ?

ಹೊರಗಿನವರ ಮಾತನ್ನೂ ಹೇಳುತ್ತೇನೆ. ಇಂದು ಜಗತ್ತೇ ನೋಡುವ ನ್ಯೂಯಾರ್ಕ್ ಮ್ಯಾರಥಾನ್ 1970ರಲ್ಲಿ ಮೊದಲು ನಡೆದದ್ದು ಸೆಂಟ್ರಲ್ ಪಾರ್ಕಿನೊಳಗೇ, ಸುತ್ತು ಹೊಡೆಯುತ್ತಾ. ಹೊರಟವರು 127 ಮಂದಿ, ಮುಟ್ಟಿದವರು 55. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ ಹದಿಮೂರು ಜನ ಓಡಿದ ಐದು ಕಿಲೋಮೀಟರ್ ಓಟ ಈಗ ಹತ್ತಾರು ದೇಶಗಳ ಪಾರ್ಕುಗಳಲ್ಲಿ ಪ್ರತಿ ಶನಿವಾರ ಉಚಿತವಾಗಿ ನಡೆಯುತ್ತಿದೆ. ಅಲ್ಲಿಯೂ ನಿಮ್ಮಂಥ ಹಿರಿಯರು ಇದ್ದೇ ಇರುತ್ತಾರೆ. ಬಹಳ ಮಂದಿ ಸ್ವತಃ ಓಡುತ್ತಾರೆ.

ನನ್ನ ನಿಜವಾದ ಸಂಕಟ ಬೇರೆಯೇ ಇದೆ. ಪ್ಲೇಗಿನ ಹೊಡೆತ ತಿಂದ ಈ ಊರಿಗೆ ಗಾಳಿ, ಬೆಳಕು, ಬಯಲು ಬೇಕೆಂದು 1903ರಲ್ಲಿಯೇ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಮಾಡಿದವರು ನಾವು. ರಾಜ್ಯದ 1985ರ ಕಾಯ್ದೆ ಉದ್ಯಾನ, ಆಟದ ಮೈದಾನ, ಬಯಲು ಮೂರನ್ನೂ ಒಂದೇ ಹೆಸರಿನಡಿ ಕಾಪಾಡುತ್ತದೆ. ಈಗ ಮಾಡುತ್ತಿರುವುದೇನು? ಮೈದಾನವನ್ನು ವಸ್ತುಪ್ರದರ್ಶನಕ್ಕೂ ಮಾರಾಟಮೇಳಕ್ಕೂ ಕೊಡುತ್ತೇವೆ. ಮೇಳ ಮುಗಿದ ಮೇಲೆ ಉಳಿದ ಗುಂಡಿ, ಗೂಟಗಳ ನಡುವೆ ಮಕ್ಕಳು ಆಡಿಕೊಳ್ಳಬೇಕು. ಅಂಗಳವೇ ಇಲ್ಲದ ಶಾಲೆಗೆ ಅನುಮತಿ ಸಿಗುತ್ತದೆ. ಪಾರ್ಕಿಗೆ ಬಂದರೆ ಗೇಟಿನಲ್ಲೇ ಫಲಕ: ಚೆಂಡಾಡಬಾರದು, ಸೈಕಲ್ ತರಬಾರದು, ಹುಲ್ಲು ತುಳಿಯಬಾರದು. ಮಗು ಪಾರ್ಕಿನಲ್ಲಿ ಆಸ್ಪತ್ರೆಯ ಹೊರರೋಗಿಯ ಹಾಗೆ ಬೆಂಚಿನ ಮೇಲೆ ಕೂತಿರಬೇಕು.

ಇನ್ನು ಆ ಇಂಟರ್‌ಲಾಕ್ ಟೈಲ್ಸ್! ಒಳ್ಳೆಯ ಮಣ್ಣಿನ ದಾರಿಯನ್ನು ಅಗೆದು ಅದನ್ನು ಜೋಡಿಸುವ ಚಟ ಯಾರು ಹಚ್ಚಿದರೋ. ಸಂದುಸಂದಿಗೂ ಸ್ಕೇಟಿನ ಚಕ್ರ ನಡುಗುತ್ತದೆ, ಗಟ್ಟಿ ನೆಲದಿಂದ ಓಡುವವರ ಮೊಣಕಾಲು ನೋಯುತ್ತದೆ, ಬೇರು ಉಬ್ಬಿ ಎದ್ದ ಟೈಲಿಗೆ ಎಡವಿ ಬೀಳುವವರು ನಿಮ್ಮ ವಾಯುವಿಹಾರದ ಗೆಳೆಯರೇ. ಅದರ ವಿರುದ್ಧ ನೀವು ಪತ್ರ ಬರೆದದ್ದು ನನಗೆ ನೆನಪಿಲ್ಲ. ಓಡುವವರಿಗೆ ಮಣ್ಣಿನ ದಾರಿ, ಸ್ಕೇಟಿಂಗ್‌ಗೆ ಒಂದು ಮೂಲೆಯಲ್ಲಿ ನುಣುಪಾದ ಕಾಂಕ್ರೀಟ್ ಸುತ್ತು, ನಡೆಯುವವರಿಗೆ ಇನ್ನೊಂದು ಅಂಚು. ಇಷ್ಟನ್ನು ಮಾಡಿದರೆ ಭಾನುವಾರ ಗೇಟು ಮುಚ್ಚುವ ಪ್ರಸಂಗವೇ ಬರುವುದಿಲ್ಲ.

ನಿಮ್ಮ ಪತ್ರದ ಅಕ್ಷರ ಅಚ್ಚುಕಟ್ಟು, ಅಂಕಿಗಳು ಇನ್ನೂ ಅಚ್ಚುಕಟ್ಟು. ಮಕ್ಕಳ ಸ್ಪರ್ಧೆಗಳಲ್ಲಿ ಸಮಯ ಬರೆದುಕೊಳ್ಳುವವರೇ ಸಿಗುವುದಿಲ್ಲವೆಂದು ತರಬೇತುದಾರರು ಗೋಳಾಡುತ್ತಾರೆ. ಮುಂದಿನ ಬಾರಿ ಗೇಟಿನಿಂದ ಹಿಂದಿರುಗಬೇಡಿ. ಒಳಗೆ ಹೋಗಿ ಸ್ಟಾಪ್‌ವಾಚ್ ಕೇಳಿ ಪಡೆಯಿರಿ. ಧ್ವನಿವರ್ಧಕದ ದೂರನ್ನು ಬೇರೆ ಹಾಳೆಯಲ್ಲಿ ಬರೆದು ಕಳುಹಿಸಿ, ಪಾಲಿಕೆಗೆ ನಾನೇ ತಲುಪಿಸುತ್ತೇನೆ.