ಪವರ್ ಕಾರ್ಡ್: ತಂತಿ ಒತ್ತುವುದಕ್ಕಿಂತ ಬಾಯಿ ಮುಚ್ಚಿಸುವುದೇ ಕಷ್ಟ

ಮಂಡ್ಯದಲ್ಲಿ ಆರು ತಿಂಗಳಿಂದ ಒಬ್ಬರೇ ಗಿಟಾರ್ ಕಲಿಯುತ್ತಿದ್ದೀರಿ. ಓಪನ್ ಕಾರ್ಡ್‌ಗಳು (ಕೆಲವು ತಂತಿಗಳನ್ನು ಒತ್ತದೆ ಬಿಟ್ಟು ಬಾರಿಸುವ ಸ್ವರಗುಚ್ಛಗಳು) ಬರುತ್ತವೆ, ಆದರೆ ರಾಕ್ ಹಾಡಿನ ಪವರ್ ಕಾರ್ಡ್ ಹಿಡಿದರೆ ಗಜಿಬಿಜಿ ಸದ್ದು, ಜೊತೆಗೆ ಬೆರಳು ನೋವು, ಏನು ಮಾಡಲಿ ಅಂತ ಕೇಳಿದ್ದೀರಿ. ನನಗೂ ಇದೇ ಆಗಿತ್ತು. ನಾನು ಮೈಸೂರಿನ ಕುವೆಂಪುನಗರದವನು, ಕಲಿತದ್ದು ಮನೆಯ ಮಹಡಿ ಕೋಣೆಯಲ್ಲಿ, ಗುರು ಇಲ್ಲದೆ.

ಒಂದು ದಿನ ಎ5, ಅಂದರೆ ಎ ಸ್ವರದ ಪವರ್ ಕಾರ್ಡ್, ಬಾರಿಸುತ್ತಾ ಕೂತಿದ್ದೆ. ಬಟ್ಟೆ ಒಣಹಾಕಲು ಮೇಲೆ ಬಂದ ಅಮ್ಮ, "ಇದೇನೋ, ಬರೀ ಸ-ಪ-ಸ ಹಿಡ್ಕೊಂಡು ಕೂತಿದ್ದೀಯ?" ಅಂದರು. ಅವರು ದಿನಾ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡುವವರು. ಸರಿಯಾಗಿಯೇ ಹೇಳಿದ್ದರು. ಪವರ್ ಕಾರ್ಡ್ ಅಂದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅಷ್ಟೇ. ಗಾಂಧಾರ ಇಲ್ಲ. ಅದಕ್ಕೇ ಅದು ಮೇಜರ್ ಕೂಡ ಅಲ್ಲ, ಮೈನರ್ ಕೂಡ ಅಲ್ಲ.

ಗಾಂಧಾರ ಬಿಟ್ಟಿರುವುದಕ್ಕೆ ಕಾರಣ ಇದೆ. ಆರನೇ ತಂತಿಯ (ಎಲ್ಲಕ್ಕಿಂತ ದಪ್ಪನೆಯದು) 5ನೇ ಫ್ರೆಟ್‌ನ (ಗಿಟಾರ್ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಎ ಸ್ವರ 110 ಹರ್ಟ್ಸ್. ಅದರ ಪಂಚಮ ಸುಮಾರು 165. ಡಿಸ್ಟಾರ್ಷನ್ (ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದಾಗ ಈ ಎರಡರ ವ್ಯತ್ಯಾಸವೂ ಒಂದು ಸ್ವರವಾಗಿ ಕೇಳುತ್ತದೆ: 55. ಅದೂ ಎ ಸ್ವರವೇ, ಒಂದು ಸ್ಥಾಯಿ ಕೆಳಗಿನದು. ಆ ಭಾರ ಬರುವುದು ಅಲ್ಲಿಂದ. ಗಾಂಧಾರ ಸೇರಿಸಿದರೆ ಹೀಗೆ ಹುಟ್ಟುವ ಸ್ವರಗಳು ಒಂದಕ್ಕೊಂದು ಹೊಂದದೆ ಕೆಸರಾಗುತ್ತವೆ.

ನಿಮ್ಮ ಗಜಿಬಿಜಿಯೂ ಇದೇ ಜಾತಿಯದು. ಬೇಡದ ತಂತಿಗಳು ಮಾತಾಡುತ್ತಿವೆ. ಎ5ಗೆ ತೋರುಬೆರಳು ಆರನೇ ತಂತಿಯ 5ನೇ ಫ್ರೆಟ್‌ನಲ್ಲಿ, ಉಂಗುರದ ಬೆರಳು ಐದನೇ ತಂತಿಯ 7ರಲ್ಲಿ, ಕಿರುಬೆರಳು ನಾಲ್ಕನೆಯದರ 7ರಲ್ಲಿ ಇರಲಿ. ಇಷ್ಟು ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ್ದು ಇದು: ತೋರುಬೆರಳನ್ನು ನೆಟ್ಟಗೆ ನಿಲ್ಲಿಸಬೇಡಿ. ಸ್ವಲ್ಪ ಮಲಗಿಸಿ, ಕೆಳಗಿನ ಮೂರು ಸಣ್ಣ ತಂತಿಗಳನ್ನು ಸುಮ್ನೆ ಸವರಿದ ಹಾಗೆ ಮುಟ್ಟಲಿ. ಒತ್ತಬಾರದು. ಆಮೇಲೆ ಆರೂ ತಂತಿಗಳ ಮೇಲೆ ಪಿಕ್ ಎಳೆಯಿರಿ. ಮೂರು ನುಡಿಯಬೇಕು, ಮೂರು 'ಟಕ್' ಅನ್ನಬೇಕು. ಇದೇ ಆಕಾರವನ್ನು ಐದನೇ ತಂತಿಗೆ ಇಳಿಸಿದರೆ ಡಿ5. ಆಗ ತೋರುಬೆರಳ ತುದಿ ಮೇಲಿನ ಆರನೇ ತಂತಿಗೂ ತಾಗುತ್ತಿರಬೇಕು.

ಇದು ಗೊತ್ತಿಲ್ಲದೆ ನಾನು ಕಾಲೇಜು ಫೆಸ್ಟ್‌ನಲ್ಲಿ ಗೇನ್ (ಡಿಸ್ಟಾರ್ಷನ್ ಎಷ್ಟಿರಬೇಕು ಅಂತ ಹೊಂದಿಸುವ ತಿರುಗುಗುಂಡಿ) ಪೂರ್ತಿ ತಿರುಗಿಸಿ ಬಾರಿಸಿದ್ದೆ. ಇಳಿದು ಬಂದ ಮೇಲೆ ಗೆಳೆಯ ಹೇಳಿದ್ದು, "ತಗಡಿನ ಮನೆ ಮೇಲೆ ಆಲಿಕಲ್ಲು ಬಿದ್ದಂಗಿತ್ತು ಮಗಾ." ಗೇನ್ ಜಾಸ್ತಿ ಆದಷ್ಟೂ ಬೇಡದ ತಂತಿಯ ಸಣ್ಣ ನಡುಕವೂ ದೊಡ್ಡದಾಗಿ ಕೇಳುತ್ತದೆ. ಅರ್ಧಕ್ಕಿಂತ ಕೆಳಗಿಟ್ಟು ಕಲಿಯಿರಿ. ಡಿಸ್ಟಾರ್ಷನ್ ಇಲ್ಲದೆಯೇ ಶುರು ಮಾಡಿದರೆ ಇನ್ನೂ ಒಳ್ಳೆಯದು, ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ಕಾರ್ಡ್ ಬದಲಿಸುವಾಗ ಬೆರಳು ಎತ್ತಬೇಡಿ. ಒತ್ತಡ ಸಡಿಲಿಸಿ, ತಂತಿ ಮುಟ್ಟಿಕೊಂಡೇ ಜಾರಿಸಿ. ಆರನೇ ತಂತಿಯಲ್ಲಿ 5ರಿಂದ 3ಕ್ಕೆ ಬಂದರೆ ಜಿ, 8ಕ್ಕೆ ಹೋದರೆ ಸಿ. ಬಲಗೈಯ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಮೇಲೆ ಹಗುರವಾಗಿ ಊರಿ ಡೌನ್‌ಸ್ಟ್ರೋಕ್, ಅಂದರೆ ಕೆಳಮುಖ ಹೊಡೆತ, ಮಾತ್ರ ಕೊಟ್ಟರೆ ರಾಕ್‌ನ ಆ 'ಜಗ್ ಜಗ್' ಸದ್ದು ಬರುತ್ತದೆ. ಕೈ ಸ್ವಲ್ಪ ಮುಂದಕ್ಕೆ ಹೋದರೂ ಸದ್ದು ಸತ್ತುಹೋಗುತ್ತದೆ. ಆ ಜಾಗ ಹುಡುಕಲು ನನಗೆ ಎರಡು ವಾರ ಬೇಕಾಯಿತು.

ಆರನೇ ತಂತಿಯನ್ನು ಡಿಗೆ ಇಳಿಸಿ ಒಂದೇ ಬೆರಳಲ್ಲಿ ಹಿಡಿಯುವ ಉಪಾಯವನ್ನೂ ಯಾರೋ ಹೇಳಿಕೊಡುತ್ತಾರೆ. ಈಗಲೇ ಬೇಡ, ಕಿರುಬೆರಳು ಸೋಮಾರಿಯಾಗುತ್ತದೆ.

ಬೆರಳು ನೋವಿನದು ದೊಡ್ಡ ವಿಷಯವಲ್ಲ. 1 ಮತ್ತು 2ನೇ ಫ್ರೆಟ್‌ಗಳಲ್ಲಿ ಬೆರಳು ಜಾಸ್ತಿ ಅಗಲಿಸಬೇಕು, ಅಲ್ಲಿಗೆ ಆಮೇಲೆ ಹೋಗಿ. ತೆಳು ತಂತಿ ಹಾಕಿಸಲು ನಾಚಿಕೆ ಬೇಡ. ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ ಗಿಟಾರ್ ವಾದಕ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವರು. ಪ್ಲಾಸ್ಟಿಕ್ ಟೋಪಿ ತೊಡಿಸಿಕೊಂಡು, ತೆಳು ತಂತಿ ಹಾಕಿಕೊಂಡೇ ಅಷ್ಟು ಭಾರದ ಸದ್ದು ತೆಗೆದರು. ನಿಮ್ಮದು ಅಕೌಸ್ಟಿಕ್ ಆದರೆ ಅಂಗಡಿಯಲ್ಲಿ 'ಹನ್ನೊಂದರ ಸೆಟ್' (ಅತಿ ತೆಳು ತಂತಿಯ ದಪ್ಪ ಇಂಚಿನ ಸಾವಿರದ ಹನ್ನೊಂದು ಭಾಗ) ಅಂತ ಕೇಳಿ, ಎಲೆಕ್ಟ್ರಿಕ್ ಆದರೆ ಒಂಬತ್ತರದ್ದು. ಕೊಳ್ಳುವ ಮುಂಚೆ ಈಗಿರುವ ತಂತಿ ಫ್ರೆಟ್‌ನಿಂದ ತೀರಾ ಎತ್ತರದಲ್ಲಿದೆಯಾ ಅಂತಲೂ ಅಲ್ಲೇ ತೋರಿಸಿ. ಎಷ್ಟೋ ಸಲ ನೋವಿಗೆ ಅದೇ ಕಾರಣ.