ಜಿರಳೆಗೆ ಹೊತ್ತು ತಿಳಿಯುವುದು ಹೇಗೆ?

ಪ್ರಶ್ನೆ: ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ಅಡುಗೆಮನೆ ಮಧ್ಯಾಹ್ನವೂ ಕತ್ತಲು; ಕರೆಂಟು ಹೋದರೆ ಕೇಳುವುದೇ ಬೇಡ. ಆದರೂ ಆಗ ಒಂದು ಜಿರಳೆಯೂ ಕಾಣಿಸುವುದಿಲ್ಲ. ರಾತ್ರಿ ಊಟ ಮುಗಿದು ದೀಪ ಆರಿಸಿದರೆ ಗ್ರೈಂಡರಿನ ಅಡಿಯಿಂದ ಹೊರಡುತ್ತವೆ. ಅವು ಬರುವುದು ಕತ್ತಲು ನೋಡಿಯೋ, ಹೊತ್ತು ನೋಡಿಯೋ?
– ಓದುಗರೊಬ್ಬರು, ಉಡುಪಿ

ಉತ್ತರ: ಎರಡನ್ನೂ ನೋಡಿ, ಆದರೆ ಹೊತ್ತಿನ ಪಾಲು ದೊಡ್ಡದು. ದೀಪ ಹಾಕಿದೊಡನೆ ಸಂದಿಗೆ ಓಡುವುದು ಆ ಕ್ಷಣದ ಪ್ರತಿಕ್ರಿಯೆಯಷ್ಟೇ. ದಿನಗಟ್ಟಲೆ ಪೂರ್ಣ ಕತ್ತಲಲ್ಲಿಟ್ಟ ಜಿರಳೆಯೂ ಸುಮಾರು 24 ಗಂಟೆಗೊಮ್ಮೆ ಓಡಾಟಕ್ಕೆ ಹೊರಡುತ್ತದೆ ಎಂಬುದರಿಂದ, ಅದರೊಳಗೇ ಗಡಿಯಾರವೊಂದು ಇದೆ ಎಂದು ಹೇಳಬಹುದು.

ಆ ಗಡಿಯಾರ ಇರುವುದು ಕಣ್ಣಿನ ಹಿಂಬದಿಯಲ್ಲಿ, ಮಿದುಳಿನ ಆಪ್ಟಿಕ್ ಲೋಬ್ ಎಂಬ ಭಾಗದಲ್ಲಿ. ಎರಡೂ ಬದಿಯ ಲೋಬ್‌ಗಳನ್ನು ತೆಗೆದರೆ ಜಿರಳೆ ನಡೆದಾಡುತ್ತದೆ, ಆದರೆ ಹೊತ್ತುಗೊತ್ತಿಲ್ಲದೆ. 1982ರಲ್ಲಿ ಟೆರಿ ಪೇಜ್ ಎಂಬ ವಿಜ್ಞಾನಿ, ದಿನಚರಿಯ ಅವಧಿ ತುಸು ಬೇರೆಯಾಗಿದ್ದ ಜಿರಳೆಗಳ ನಡುವೆ ಈ ಲೋಬ್‌ಗಳನ್ನೇ ಕಸಿ ಮಾಡಿದರು. ಕೆಲವು ವಾರಗಳಲ್ಲಿ ನರಗಳು ಕೂಡಿಕೊಂಡು ಲಯ ಮರಳಿತು. ಮರಳಿದ್ದು ಲೋಬ್ ಕೊಟ್ಟ ಜಿರಳೆಯ ಅವಧಿ! ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಗಡಿಯಾರದ ಒಳಗುಟ್ಟು ತಿಳಿದದ್ದು ಹೆಚ್ಚಾಗಿ ಬಾಳೆಹಣ್ಣಿಗೆ ಮುತ್ತುವ ಸಣ್ಣ ಹಣ್ಣುನೊಣದಿಂದ. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು, ಒಂದೇ ಜೀನ್‌ನ ಬದಲಾವಣೆಯಿಂದ ಕೆಲವು ನೊಣಗಳ ದಿನ 19 ಗಂಟೆಗೆ ಇಳಿದದ್ದನ್ನೂ ಇನ್ನು ಕೆಲವಕ್ಕೆ 28 ಗಂಟೆಗೆ ಹಿಗ್ಗಿದ್ದನ್ನೂ ತೋರಿಸಿದರು. ಆ ಜೀನ್ ತಯಾರಿಸುವ ಪ್ರೋಟೀನು ನರಕೋಶದಲ್ಲಿ ನಿಧಾನವಾಗಿ ಕೂಡಿಬಂದು, ಕೋಶಕೇಂದ್ರವನ್ನು ಹೊಕ್ಕು ತನ್ನದೇ ತಯಾರಿಯನ್ನು ನಿಲ್ಲಿಸುತ್ತದೆ. ಅದು ಕರಗಿದ ಮೇಲೆ ತಯಾರಿ ಮತ್ತೆ ಶುರುವಾಗುತ್ತದೆ. ಈ ಒಂದು ಸುತ್ತೇ ಸುಮಾರು ಒಂದು ದಿನ. ಸೋಜಿಗವೆಂದರೆ, ಕೀಟದ ಮೈಬಿಸಿ ಹೊರಗಿನ ಉಷ್ಣತೆಯಂತೆ ಏರಿಳಿದರೂ ಈ ಸುತ್ತಿನ ವೇಗ ಹೆಚ್ಚೇನೂ ಬದಲಾಗುವುದಿಲ್ಲ. ಏಪ್ರಿಲ್‌ನ ಸೆಕೆಗೂ ಆಟಿಯ ಥಂಡಿಗೂ ಗಡಿಯಾರ ಒಂದೇ.

ಜಿರಳೆಯ ಗಡಿಯಾರ ತನ್ನಷ್ಟಕ್ಕೆ ಬಿಟ್ಟರೆ 24 ಗಂಟೆಯಿಂದ ತುಸು ಆಚೀಚೆ ಸರಿಯುವುದರಿಂದ, ಕಣ್ಣಿನ ಮೂಲಕ ಬರುವ ಬೆಳಕು ಅದನ್ನು ದಿನವೂ ಸರಿಪಡಿಸುತ್ತಿರುತ್ತದೆ. ನಿಮ್ಮ ಒಂದು ಮಧ್ಯಾಹ್ನದ ಕತ್ತಲು ಅದನ್ನು ಅಲುಗಿಸದು. ಆದರೆ ದೀಪ ಆರಿಸುವ ಹೊತ್ತನ್ನು ನೀವು ಕಾಯಂ ಆಗಿ ಬದಲಾಯಿಸಿದರೆ, ಕೆಲವೇ ದಿನಗಳಲ್ಲಿ ಅವೂ ಹೊಸ ಹೊತ್ತಿಗೆ ಹೊಂದಿಕೊಂಡು ಗ್ರೈಂಡರಿನ ಅಡಿಯಿಂದ ಹೊರಡುತ್ತವೆ.